ಮಳೆಗಾಲದ ಬೈಕು ಮತ್ತು ಕರೆಂಟಿನ ಕಾಟ: ತಳೇಗಾಂವ ದಾಭಾಡೆಯ ದಾರಿಯಿಂದ

ಮಳೆಯಲ್ಲಿ ನೆನೆದ ಮೋಟಾರ್‌ಸೈಕಲ್ಲಿನ ವಿದ್ಯುತ್ ವ್ಯವಸ್ಥೆ ಕೈಕೊಡುವ ಬಗೆಗಳು ಹಲವು. ಎಂಜಿನ್ ಮಿಸ್ ಹೊಡೆಯುತ್ತದೆ. ಓಡುತ್ತಿದ್ದ ಬೈಕು ತಟಕ್ಕನೆ ನಿಲ್ಲುತ್ತದೆ. ಸೆಲ್ಫ್ ಒತ್ತಿದರೆ ಟಿಕ್ ಎಂದು ಸುಮ್ಮನಾಗುತ್ತದೆ. ಬ್ರೇಕ್ ಹಿಡಿದರೆ ಇಂಡಿಕೇಟರ್ ಮಿನುಗುತ್ತದೆ, ಹಾರ್ನ್ ನೆಗಡಿಯಾದವರ ದನಿಯಲ್ಲಿ ಕೂಗುತ್ತದೆ. ಗ್ಯಾರೇಜಿನಲ್ಲಿ ಇವಕ್ಕೆಲ್ಲ ಸಿಗುವ ನಿದಾನ ಒಂದೇ: ‘ನೀರು ಹೋಗಿದೆ.’ ಮಾತು ಸುಳ್ಳಲ್ಲ, ಆದರೆ ಅರ್ಧ. ಹೊಸ ಬೈಕು ಜುಲೈ ಪೂರ್ತಿ ಬಯಲಲ್ಲೇ ನಿಂತು ನೆನೆದರೂ ಬೆಳಿಗ್ಗೆ ಒಂದೇ ಒತ್ತಿಗೆ ಸ್ಟಾರ್ಟ್ ಆಗುತ್ತದೆ. ಐದಾರು ವರ್ಷದ ಬೈಕು ಒಂದು ತುಂತುರಿಗೇ ಮುನಿಸಿಕೊಳ್ಳುತ್ತದೆ. ಎರಡರ ಮೇಲೂ ಬಿದ್ದ ಮಳೆ ಅದೇ. ಬಿರಿದ ರಬ್ಬರು, ತುಕ್ಕು ಹಿಡಿದ ಅರ್ಥ್, ಸಡಿಲವಾದ ಕಪ್ಲರ್ ಇವೆಲ್ಲ ಬೇಸಗೆಯಲ್ಲೇ ಇದ್ದವು. ಒಣಗಿದ್ದಾಗ ಹೇಗೋ ನಡೆದುಹೋಗುತ್ತಿದ್ದದ್ದನ್ನು ಮಳೆ ಬಂದು ಬಯಲಿಗೆಳೆಯಿತು. ಹಾಗಾಗಿ ಮಳೆಗಾಲದ ದೋಷ ಹುಡುಕುವವನು ನೀರು ಎಲ್ಲಿದೆ ಎಂದು ನೋಡುವುದಕ್ಕಿಂತ ಮೊದಲು, ಬೈಕಿನಲ್ಲಿ ಮೊದಲೇ ಸೋತಿದ್ದ ಜಾಗ ಯಾವುದು ಎಂದು ಕೇಳಿಕೊಳ್ಳುವುದು ಲೇಸು.

ಊರು ಮತ್ತು ದಾರಿ

ಈ ವಿಷಯಕ್ಕೆ ತಳೇಗಾಂವ ದಾಭಾಡೆ ಹೇಳಿ ಮಾಡಿಸಿದ ಊರು. ಪುಣೆ ಜಿಲ್ಲೆಯ ಮಾವಳ ತಾಲ್ಲೂಕಿನಲ್ಲಿ, ಪುಣೆ–ಲೋಣಾವಳ ಲೋಕಲ್ ರೈಲಿನ ಹಾದಿಯಲ್ಲಿ, ಹಳೆಯ ಮುಂಬಯಿ–ಪುಣೆ ಹೆದ್ದಾರಿಯ ಮಗ್ಗುಲಲ್ಲಿದೆ. ಹೆಸರಿನ ಎರಡನೆಯ ಅರ್ಧ ಬಂದದ್ದು ದಾಭಾಡೆ ಮನೆತನದಿಂದ. ಛತ್ರಪತಿ ಶಾಹುವಿನ ಸೇನಾಪತಿ ಖಂಡೇರಾವ್ ದಾಭಾಡೆ ಇದೇ ಮನೆತನದವನು. ಪೂರ್ವಕ್ಕೆ ಇರುವ ಪುಣೆ ನಗರದಲ್ಲಿ ವರ್ಷಕ್ಕೆ ಬೀಳುವ ಮಳೆ 700 ಮಿ.ಮೀ. ಆಸುಪಾಸು. ಪಶ್ಚಿಮಕ್ಕೆ, ಬೈಕಿನಲ್ಲಿ ಮುಕ್ಕಾಲು ಗಂಟೆಯ ದೂರದ ಲೋಣಾವಳದಲ್ಲಿ ಅದು 4,000 ಮಿ.ಮೀ. ದಾಟುತ್ತದೆ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋದವರಿಗೆ ಈ ಏರಿಕೆಯ ಅನುಭವವಿದೆ: ಹೊರಟಾಗ ರೇನ್‌ಕೋಟು ಸೀಟಿನ ಕೆಳಗೆ, ತಲುಪುವಾಗ ರೇನ್‌ಕೋಟಿನ ಒಳಗೂ ನೀರು. ವಡಗಾಂವ, ಕಾಮಶೇತ್, ಮಳವಲಿ ದಾಟುತ್ತಿದ್ದಂತೆ ಹನಿ ದಪ್ಪವಾಗುತ್ತ ಹೋಗುತ್ತದೆ.

ಬೈಕಿನವರಿಗೆ ಬೇರೆ ದಾರಿಯೂ ಇಲ್ಲ. 2002ರಲ್ಲಿ ಪೂರ್ಣವಾಗಿ ತೆರೆದ ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇ ಮೇಲೆ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ (ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಅದೇ ನಿಷೇಧ 2023ರ ಆಗಸ್ಟ್‌ನಲ್ಲಿ ಬಂತು). ಜಲಪಾತ ನೋಡಲು ಹೊರಟ ಪುಣೆಯ ಹುಡುಗರು, ಚಾಕಣ ಮತ್ತು ತಳೇಗಾಂವದ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಮುಗಿಸಿದ ಕಾರ್ಮಿಕರು, ಹಾಲಿನ ಕ್ಯಾನು ಕಟ್ಟಿಕೊಂಡ ಮಾವಳದ ರೈತರು, ಎಲ್ಲರೂ ಲಾರಿಗಳ ಹಿಂದೆ ಹಳೆ ರಸ್ತೆಯಲ್ಲೇ. ಆ ಕಾರ್ಮಿಕರಲ್ಲಿ ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯ ಕನ್ನಡಿಗರೂ ಇದ್ದಾರೆ. ಗಣಪತಿ ಹಬ್ಬಕ್ಕೆ ರಾಷ್ಟ್ರೀಯ ಹೆದ್ದಾರಿ 48 ಹಿಡಿದು ಸಾತಾರಾ, ಕೊಲ್ಹಾಪುರ, ನಿಪ್ಪಾಣಿ ಮಾರ್ಗವಾಗಿ ಬೈಕಿನಲ್ಲೇ ಊರು ಸೇರುವವರಿಗೆ ಅದು ಭಾದ್ರಪದದ ಮಳೆಯಲ್ಲಿ ದಿನಪೂರ್ತಿಯ ಸವಾರಿ.

ಇದೇ ಘಟ್ಟದ ಮಳೆಯಿಂದ ವಿದ್ಯುತ್ತು ಹುಟ್ಟಿದ್ದೂ ಉಂಟು. ಲೋಣಾವಳದ ವಳವಣ, ಶಿರವಟಾ ಕೆರೆಗಳಲ್ಲಿ ನಿಲ್ಲಿಸಿದ ನೀರನ್ನು ಘಟ್ಟದ ಕೆಳಗೆ ಖೋಪೋಲಿಗೆ ಇಳಿಸಿ ಟಾಟಾದವರು 1915ರಲ್ಲಿ ಮುಂಬಯಿಯ ಗಿರಣಿಗಳಿಗೆ ಕರೆಂಟ್ ಕೊಟ್ಟರು; ನಮ್ಮ ಶಿವನಸಮುದ್ರದಲ್ಲಿ ಅದಕ್ಕಿಂತ ಹದಿಮೂರು ವರ್ಷ ಮೊದಲೇ, 1902ರಲ್ಲಿ, ಆ ಕೆಲಸ ಆಗಿತ್ತು. ಮುಂಬಯಿಗೆ ಬೆಳಕು ಕೊಟ್ಟ ಮಳೆ ಬೈಕಿನ ಕಿಡಿ ಆರಿಸುತ್ತದೆ ಎಂದು ಕಾಮಶೇತದ ಚಹಾದಂಗಡಿಯಲ್ಲಿ ತಮಾಷೆ ಮಾಡಬಹುದು, ಬೈಕು ನಮ್ಮದಲ್ಲದಿದ್ದರೆ.

ಕಿಡಿ ದಾರಿ ತಪ್ಪುವುದು

ಕನ್ನಡ, ಮರಾಠಿ ಗ್ಯಾರೇಜುಗಳೆರಡರಲ್ಲೂ ‘ಕರೆಂಟ್’ ಎಂದರೆ ಪ್ಲಗ್ಗಿನ ಕಿಡಿ. ‘ಕರೆಂಟ್ ಬರ್ತಿಲ್ಲ’ ಎಂದರೆ ಬ್ಯಾಟರಿ ಸತ್ತಿದೆ ಎಂದಲ್ಲ, ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತಿಲ್ಲ ಎಂದು. ಬೈಕಿನ ಉಳಿದೆಲ್ಲ ಭಾಗ 12 ವೋಲ್ಟಿನಲ್ಲಿ ಕೆಲಸ ಮಾಡಿದರೆ ಇಗ್ನಿಷನ್ ಕಾಯಿಲ್‌ನಿಂದ ಪ್ಲಗ್ಗಿನವರೆಗಿನ ಒಂದು ಗೇಣು ದಾರಿಯಲ್ಲಿ 15,000ದಿಂದ 30,000 ವೋಲ್ಟ್ ಹರಿಯುತ್ತದೆ. ಅಷ್ಟು ಒತ್ತಡದ ವಿದ್ಯುತ್ತಿಗೆ ಭೂಮಿ ಸೇರುವ ಆತುರ ಹೆಚ್ಚು. 0.7 ಮಿ.ಮೀ. ಗ್ಯಾಪನ್ನು ಹಾರಿ ಸೇರಲಿ ಎಂದು ನಾವು ಏರ್ಪಾಡು ಮಾಡಿರುತ್ತೇವೆ. ಅದಕ್ಕಿಂತ ಸುಲಭದ ದಾರಿ ಹೊರಗೆ ಸಿಕ್ಕರೆ ಅದು ಆ ಕಡೆ ಹೋಗುತ್ತದೆ.

ಆ ಸುಲಭದ ದಾರಿಯನ್ನು ನೀರು ತಾನೊಂದೇ ಕಟ್ಟುವುದಿಲ್ಲ. ಶುದ್ಧ ನೀರು ವಿದ್ಯುತ್ತನ್ನು ಅಷ್ಟಾಗಿ ಹರಿಯಗೊಡುವುದಿಲ್ಲ. ರಸ್ತೆಯ ಕೆಸರು, ಡೀಸೆಲ್ ಮಸಿ, ಕರಾವಳಿಯಲ್ಲಾದರೆ ಉಪ್ಪು, ಇವು ಬೆರೆತ ನೀರು ಪ್ಲಗ್ ಕ್ಯಾಪಿನ ಮೇಲೆ ತೆಳ್ಳಗಿನ ಪದರವಾಗಿ ಕುಳಿತರೆ ಸಾಕು. ಗಾಜನ್ನೇ ನೋಡಿ: ತಳೇಗಾಂವದಲ್ಲಿ 1908ರಲ್ಲಿ, ಜನರಿಂದ ಒಂದೊಂದು ಪೈಸೆ ಕೂಡಿಸಿದ ಪೈಸಾ ಫಂಡ್‌ನಿಂದ ಗಾಜಿನ ಕಾರ್ಖಾನೆ ಶುರುವಾಯಿತು. ಒಣ ಗಾಜು ಒಳ್ಳೆಯ ನಿರೋಧಕ. ಅದೇ ಗಾಜು ಕೊಳೆಯಾಗಿ ತೇವವಾದರೆ ಮೇಲ್ಮೈಗುಂಟ ವಿದ್ಯುತ್ ಜಾರಿ ಹೋಗುತ್ತದೆ. ಕಂಬದ ಮೇಲಿನ ಪಿಂಗಾಣಿ ಬಟ್ಟಲುಗಳಿಗೆ ಸುತ್ತಲೂ ಸೀರೆಯ ನೆರಿಗೆಯಂಥ ಅಂಚು ಇರುವುದು ಈ ಜಾರುವಿಕೆಯ ದಾರಿಯನ್ನು ಉದ್ದ ಮಾಡಲಿಕ್ಕೆ. ಸ್ಪಾರ್ಕ್ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲಿನ ಉಂಗುರಗಳದೂ ಅದೇ ಕೆಲಸ. ಪ್ಲಗ್ ಬದಲಿಸುವಾಗ ಆ ಬಿಳಿ ಭಾಗವನ್ನು ಎಣ್ಣೆಗೈಯಲ್ಲಿ ಹಿಡಿಯಬಾರದು ಎನ್ನುವುದು ಹಳೆಯ ಮೆಕ್ಯಾನಿಕ್‌ಗಳ ಮಡಿ. ಮಡಿಗೆ ಕಾರಣವಿದೆ.

ಒಮ್ಮೆ ಕಿಡಿ ಹೊರದಾರಿ ಹಿಡಿಯಿತೆಂದರೆ ಅಲ್ಲಿಗೆ ಮುಗಿಯುವುದಿಲ್ಲ. ಹೋದ ದಾರಿಯಲ್ಲಿ ರಬ್ಬರನ್ನೋ ಪ್ಲಾಸ್ಟಿಕ್ಕನ್ನೋ ಸುಟ್ಟು ಕೂದಲೆಳೆಯಷ್ಟು ಸಣ್ಣ ಇಂಗಾಲದ ಗೆರೆ ಬಿಡುತ್ತದೆ. ಇಂಗಾಲ ವಾಹಕ. ಮುಂದಿನ ಸಲ ನೀರಿಲ್ಲದಿದ್ದರೂ ಕಿಡಿ ಆ ಗೆರೆಯನ್ನೇ ಹಿಡಿಯುತ್ತದೆ. ಒರೆಸಿ ಒಣಗಿಸಿದ ಬೈಕು ನಾಲ್ಕು ದಿನ ಸರಿಯಿದ್ದು ಮತ್ತೆ ಮಿಸ್ ಹೊಡೆಯುವುದು ಇದರಿಂದಲೇ. ಇಂಥ ಕ್ಯಾಪನ್ನು ಎಸೆಯಬೇಕೇ ಹೊರತು ಒರೆಸಬಾರದು.

ಇನ್ನೊಂದು ಒಗಟು: ನಿಂತಲ್ಲಿ ಚೆನ್ನಾಗಿ ಗುನುಗುವ ಬೈಕು ಏರಿನಲ್ಲಿ ಕೆಮ್ಮುತ್ತದೆ. ಖೋಪೋಲಿಯಿಂದ ಖಂಡಾಳ ಹತ್ತುವವರ ಮಾಮೂಲಿ ದೂರು ಇದು. ಆಕ್ಸಲರೇಟರ್ ತಿರುಚಿದಾಗ ಸಿಲಿಂಡರಿನೊಳಗೆ ಒತ್ತಡ ಏರುತ್ತದೆ. ದಟ್ಟ ಗಾಳಿಯಲ್ಲಿ ಕಿಡಿ ಹಾರಿಸಲು ಹೆಚ್ಚು ವೋಲ್ಟ್ ಬೇಕು. ಒಳದಾರಿ ಕಷ್ಟವಾದಷ್ಟೂ ಹೊರಗಿನ ಒದ್ದೆ ದಾರಿ ಆಕರ್ಷಕ. ಆದ್ದರಿಂದ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಎರಡು ಸಲ ರೇಸ್ ಮಾಡಿ ‘ಸರಿ ಇದೆ’ ಎನ್ನುವ ಪರೀಕ್ಷೆಗೆ ಬೆಲೆಯಿಲ್ಲ.

ಮೂರನೆಯದು, ಚಹಾ ಕುಡಿದು ಬರುವಷ್ಟರಲ್ಲಿ ಸತ್ತುಹೋಗುವ ಬೈಕು. ಓಡುವಾಗ ಎಂಜಿನ್ನಿನ ಬಿಸಿ ಪ್ಲಗ್ಗಿನ ಸುತ್ತ ಒಣಗಿಸುತ್ತಲೇ ಇರುತ್ತದೆ. ನಿಲ್ಲಿಸಿದ ಮೇಲೆ ಕ್ಯಾಪಿನೊಳಗಿನ ಬಿಸಿ ಗಾಳಿ ತಣಿದು ಕುಗ್ಗಿ, ಅಂಚಿನಲ್ಲಿ ನಿಂತ ನೀರನ್ನು ಒಳಕ್ಕೆ ಹೀರುತ್ತದೆ. ಪ್ಲಗ್ ಕುಳಿತ ಗುಂಡಿಯಿಂದ ನೀರು ಹೊರಹೋಗಲು ಸಿಲಿಂಡರ್ ಹೆಡ್ಡಿನಲ್ಲಿ ಬಹಳಷ್ಟು ಬೈಕುಗಳಿಗೆ ಸಣ್ಣ ತೂತಿರುತ್ತದೆ. ಅದು ಕೆಸರಿನಿಂದ ಮುಚ್ಚಿದ್ದರೆ ಪ್ಲಗ್ಗು ಬಟ್ಟಲಿನಲ್ಲಿ ಮುಳುಗಿ ಕೂರುತ್ತದೆ. ಸೈಕಲ್ ಸ್ಪೋಕ್ ಒಂದರಿಂದ ಆ ತೂತನ್ನು ತಿವಿದು ಬಿಡಿಸುವುದು ಮೇ ತಿಂಗಳ ಐದು ನಿಮಿಷದ ಕೆಲಸ.

ಹುಡುಕುವ ಕ್ರಮ

ಮಳೆ ಮೇಲಿಂದ ಬೀಳುತ್ತದೆ, ಬೈಕನ್ನು ನಿಲ್ಲಿಸುವ ನೀರು ಮಾತ್ರ ಹೆಚ್ಚಾಗಿ ಕೆಳಗಿನಿಂದ, ಮುಂದಿನ ಚಕ್ರದಿಂದ ಬರುತ್ತದೆ. ಪ್ಲಗ್ ಎಂಜಿನ್ನಿನ ಮುಂಭಾಗಕ್ಕೋ ಪಕ್ಕಕ್ಕೋ ಇದ್ದು ಮಡ್‌ಗಾರ್ಡು ಗಿಡ್ಡವಾಗಿದ್ದರೆ ಮೊದಲ ಅನುಮಾನ ಅಲ್ಲೇ. ಎರಡು ಪ್ಲಗ್ಗಿನ ಪಲ್ಸರ್‌ನಂಥ ಬೈಕಿನಲ್ಲಿ ಒಂದು ಪ್ಲಗ್ ಸತ್ತರೂ ಎಂಜಿನ್ ಓಡುತ್ತದೆ. ಸವಾರನಿಗೆ ಗೊತ್ತಾಗುವುದು ಎಳೆತ ಕಡಿಮೆಯಾದದ್ದಷ್ಟೇ. ಹಾಗಾಗಿ ಎರಡನ್ನೂ ನೋಡಬೇಕು.

ರಸ್ತೆಬದಿಯಲ್ಲಿ ನಿಂತವನು ಸ್ಪ್ಯಾನರ್ ತೆಗೆಯುವ ಮೊದಲು ಹಾರ್ನ್ ಒತ್ತಿ ಕೇಳಲಿ. ಗಟ್ಟಿಯಾಗಿ ಕೂಗಿದರೆ ಬ್ಯಾಟರಿ, ಮುಖ್ಯ ಫ್ಯೂಸ್, ಕೀ ಸ್ವಿಚ್ ಮೂರೂ ಬಹುಮಟ್ಟಿಗೆ ಸರಿ. ಕ್ಷೀಣವಾಗಿ ಕೂಗಿ ಹೆಡ್‌ಲೈಟೂ ಮಂಕಾದರೆ ಬ್ಯಾಟರಿ ಅಥವಾ ಅದರ ಟರ್ಮಿನಲ್; ಹೆಡ್‌ಲೈಟ್ ಪ್ರಖರವಾಗಿದ್ದೂ ಹಾರ್ನ್ ಮಾತ್ರ ಗೊರಗೊರ ಎಂದರೆ ಹಾರ್ನಿಗೇ ನೀರು ಹೋಗಿದೆ, ಎಂಜಿನ್ನಿಗೂ ಅದಕ್ಕೂ ಸಂಬಂಧವಿಲ್ಲ. ಆಮೇಲೆ ಕಿಲ್ ಸ್ವಿಚ್. ಒದ್ದೆ ಕೈಗವಸಿನಲ್ಲಿ ಅರಿಯದೆ ಒತ್ತಿಹೋದ ಕೆಂಪು ಗುಂಡಿಗಾಗಿ ಬೈಕನ್ನು ಎರಡು ಕಿಲೋಮೀಟರ್ ತಳ್ಳಿದವರು ಕಡಿಮೆಯಿಲ್ಲ. ತಳ್ಳಿದ್ದನ್ನು ಒಪ್ಪಿಕೊಳ್ಳುವವರು ಕಡಿಮೆ. ಗುಂಡಿಯನ್ನು ಹತ್ತು ಸಲ ಆಚೀಚೆ ಆಡಿಸಿದರೆ ಒಳಗಿನ ತೆಳು ತುಕ್ಕು ಸವೆದು ಸಂಪರ್ಕ ಬರುವುದೂ ಉಂಟು. ನ್ಯೂಟ್ರಲಿನಲ್ಲಿ ಓಡಿ, ಗೇರ್ ಹಾಕಿದ ಕೂಡಲೇ ನಿಂತರೆ ಸೈಡ್ ಸ್ಟ್ಯಾಂಡ್ ಸ್ವಿಚ್ಚಿಗೆ ಕೆಸರು ಮೆತ್ತಿದೆ ಎಂದೇ ಲೆಕ್ಕ. ಬಾಟಲಿಯ ನೀರು ಸುರಿದು ತೊಳೆದರೆ ಸರಿಹೋಗುವ, ಮಳೆಗಾಲದ ಒಂದೇ ವಿದ್ಯುತ್ ದೋಷ ಬಹುಶಃ ಇದು.

ಇಷ್ಟಾದ ಮೇಲೆ ಕಿಡಿ. ಕ್ಯಾಪ್ ಕಿತ್ತು ಒಳಗೂ ಹೊರಗೂ ಒಣ ಬಟ್ಟೆಯಲ್ಲಿ ಒರೆಸಿ, ಪ್ಲಗ್ ಬಿಚ್ಚಿ, ಮತ್ತೆ ಕ್ಯಾಪ್ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈಯನ್ನು ಎಂಜಿನ್ನಿನ ಬಣ್ಣವಿಲ್ಲದ ಭಾಗಕ್ಕೆ ಒತ್ತಿ ಹಿಡಿದು ಸೆಲ್ಫ್ ಒತ್ತಬೇಕು. ಪ್ಲಗ್ ತೆಗೆದ ತೂತಿನಿಂದ ಪೆಟ್ರೋಲಿನ ಆವಿ ಬರುತ್ತಿರುತ್ತದೆ, ಅದರಿಂದ ದೂರ. ಹಿಡಿಯುವುದು ರಬ್ಬರ್ ಹಿಡಿಯ ಇಕ್ಕಳದಲ್ಲಿ. ಒದ್ದೆ ಕೈಗೆ ಆ ಹೊಡೆತ ಮರೆಯುವಂಥದಲ್ಲ. ಪ್ಲಗ್ಗನ್ನು ಗಾಳಿಯಲ್ಲಿ ತೂಗಾಡಲು ಬಿಟ್ಟು ಸೆಲ್ಫ್ ಹೊಡೆಯಲೇಬಾರದು. ಹೋಗಲು ದಾರಿಯಿಲ್ಲದ ಹೈವೋಲ್ಟೇಜು ಹಿಂದಕ್ಕೆ ತಿರುಗಿ, ಕಿಡಿಯನ್ನು ನಿಯಂತ್ರಿಸುವ ಸಿಡಿಐ ಅಥವಾ ಇಸಿಯುವನ್ನೇ ಕೊಂದುಬಿಡಬಹುದು. ನೀಲಿ ಬಿಳುಪಿನ, ಚಟ್ ಎಂದು ಸದ್ದು ಮಾಡುವ ಕಿಡಿ ಒಳ್ಳೆಯದು. ಕೆಂಪು ಹಳದಿಯ ಸಣ್ಣ ಎಳೆ ಸಾಲದು. ಹೊರಗಾಳಿಯಲ್ಲಿ ಕಿಡಿ ಬಂತೆಂದ ಮಾತ್ರಕ್ಕೆ ಒತ್ತಡದ ಒಳಗೂ ಬಂದೀತು ಎಂದು ನಂಬುವಂತಿಲ್ಲ. ಅದಕ್ಕೇ ಬಲ್ಲವರು ಏಳೆಂಟು ಮಿ.ಮೀ. ಗ್ಯಾಪ್ ಇಟ್ಟ ಟೆಸ್ಟರ್ ಬಳಸುತ್ತಾರೆ.

ಕಿಡಿಯೇ ಇಲ್ಲದಿದ್ದರೆ ಹಿಂದಕ್ಕೆ ನಡೆಯಬೇಕು: ಕ್ಯಾಪ್ ತೆಗೆದು ಬರೀ ವೈರಿನಿಂದ ಕಿಡಿ ಬರುತ್ತದೆಯೇ, ಆಮೇಲೆ ಕಾಯಿಲ್‌ಗೆ ಬರುವ ಸಣ್ಣ ವೈರುಗಳು, ಆಮೇಲೆ ಮ್ಯಾಗ್ನೆಟ್ ಬಳಿಯ ಪಿಕಪ್ ಕಾಯಿಲ್‌ನ ಕಪ್ಲರ್. ಮೊದಲ ಹೆಜ್ಜೆಯಲ್ಲೇ ಕಿಡಿ ಬಂದರೆ ಕ್ಯಾಪ್ ಸತ್ತಿದೆ. ಅನೇಕ ಕ್ಯಾಪ್‌ಗಳಲ್ಲಿ 5,000 ಓಮ್ ಆಸುಪಾಸಿನ ರೆಸಿಸ್ಟರ್ ಇರುತ್ತದೆ. ಮೀಟರ್ ಹಿಡಿದಾಗ ಅದು ಅನಂತ ತೋರಿಸಿದರೆ ಬೇರೆ ಸಾಕ್ಷಿ ಬೇಡ. ವೈರಿನ ತುದಿ ಒಳಗೆ ಹಸಿರಾಗಿದ್ದರೆ ಅರ್ಧ ಇಂಚು ಕತ್ತರಿಸಿ ಕ್ಯಾಪನ್ನು ಮತ್ತೆ ತಿರುಚಿ ಕೂರಿಸಿದರೆ ಊರು ಮುಟ್ಟಬಹುದು.

ಗ್ಯಾರೇಜಿನಲ್ಲಿ ಇದಕ್ಕೆ ಒಂದು ಸೊಗಸಾದ ಉಪಾಯವಿದೆ. ಸಂಜೆ ಶಟರ್ ಅರ್ಧ ಇಳಿಸಿ ದೀಪ ಆರಿಸುತ್ತಾರೆ. ಎಂಜಿನ್ ಓಡುತ್ತಿರುತ್ತದೆ. ಹಜಾಮರ ಅಂಗಡಿಯಲ್ಲಿ ತಲೆಗೆ ನೀರು ಸಿಂಪಡಿಸುವ ಬಾಟಲಿಯಂಥದೇ ಒಂದರಿಂದ ಮೊದಲು ಕ್ಯಾಪಿಗೆ, ಆಮೇಲೆ ವೈರಿನುದ್ದಕ್ಕೆ, ಕೊನೆಗೆ ಕಾಯಿಲ್‌ಗೆ ಮಂಜಿನಂತೆ ನೀರು ಬಿಡುತ್ತಾರೆ. ಸೋತ ಜಾಗಕ್ಕೆ ನೀರು ತಾಗಿದ ಕ್ಷಣ ಎಂಜಿನ್ ಒಂದು ಸಲ ಮುಗ್ಗರಿಸುತ್ತದೆ, ಕತ್ತಲಲ್ಲಿ ನೀಲಿ ಹುಳದಂಥ ಬೆಳಕು ರಬ್ಬರಿನ ಬಿರುಕಿನಿಂದ ಫ್ರೇಮಿನ ಕಡೆಗೆ ತೆವಳುತ್ತದೆ, ಟಿಕ್ ಟಿಕ್ ಎಂಬ ಸದ್ದು ಕೇಳಿಸುತ್ತದೆ. ಹತ್ತು ನಿಮಿಷ, ಒಂದು ಬಾಟಲಿ ನೀರು. ಬಿಸಿಲಿನಲ್ಲಿ ಒಣಗಿಸಿ ‘ಈಗ ಸರಿಯಾಯ್ತು’ ಎಂದು ಕಳಿಸುವುದಕ್ಕಿಂತ, ಬೇಕೆಂದೇ ನೆನೆಸಿ ತಪ್ಪನ್ನು ಬರಿಸುವ ಈ ರೀತಿ ನೂರು ಪಾಲು ಮೇಲು.

ಕಪ್ಲರ್, ಅರ್ಥ್, ಹಸಿರು ತುಕ್ಕು

12 ವೋಲ್ಟಿನ ಕಡೆ ನೀರು ಮಾಡುವ ಹಾನಿ ನಿಧಾನದ್ದು, ಹುಡುಕಲು ಇನ್ನೂ ಕಷ್ಟದ್ದು. ಇಲ್ಲಿ ವಿದ್ಯುತ್ ಹೊರಗೆ ಹಾರುವುದಿಲ್ಲ. ಹೋಗಬೇಕಾದಲ್ಲಿಗೆ ಹೋಗಲಾರದೆ ಸೊರಗುತ್ತದೆ. ತಾಮ್ರದ ಎಳೆಗಳ ನಡುವಿನ ಸಂದಿಯಲ್ಲಿ ನೀರು ದೀಪದ ಬತ್ತಿಗೆ ಎಣ್ಣೆ ಏರಿದಂತೆ ಏರುತ್ತದೆ. ವೈರಿನ ತೊಗಲು ಹೊರಗೆ ಹೊಸದಾಗಿಯೇ ಕಾಣುತ್ತದೆ. ಒಳಗೆ ಗೇಣುದ್ದ ತಾಮ್ರ ಕಪ್ಪಾಗಿ, ತುದಿಯಲ್ಲಿ ಹಸಿರಾಗಿ, ಉಗುರಿನಲ್ಲಿ ಗೀರಿದರೆ ಪುಡಿಯಾಗುತ್ತದೆ. ಮಂಗಳೂರು, ಕಾಸರಗೋಡು ಕಡೆ ಕಡಲ ಉಪ್ಪುಗಾಳಿಯಿಂದ ಇದು ಇನ್ನೂ ಬೇಗ.

ಹೆಚ್ಚು ಕಾಟ ಕೊಡುವುದು ಅರ್ಥ್. ಬ್ಯಾಟರಿಯ ಮೈನಸ್ಸಿನಿಂದ ಫ್ರೇಮಿಗೂ ಎಂಜಿನ್ನಿಗೂ ಬಿಗಿದ ಒಂದು ಬೋಲ್ಟು ಎಲ್ಲ ದೀಪಗಳ, ಸೆಲ್ಫ್ ಮೋಟಾರಿನ ವಾಪಸು ದಾರಿ. ಅದರ ಕೆಳಗೆ ತುಕ್ಕು ಕುಳಿತರೆ ವಿದ್ಯುತ್ ಬೇರೆ ಯಾರದೋ ಮನೆಯ ಹಿತ್ತಲಿನಿಂದ ನುಸುಳಿ ಹೋಗುತ್ತದೆ. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಂದವಾಗಿ ಉರಿಯುವುದು, ಇಂಡಿಕೇಟರ್ ಹಾಕಿದಾಗ ಟೇಲ್‌ಲೈಟ್ ತಾಳ ಹಾಕುವುದು, ಇಂಥ ದೆವ್ವದ ಚೇಷ್ಟೆಗಳೆಲ್ಲ ಬಹುಮಟ್ಟಿಗೆ ಟೇಲ್‌ಲೈಟಿನ ಅರ್ಥ್ ಹೋದದ್ದರ ಗುರುತು. ಬಲ್ಬ್ ಬದಲಿಸಿ ಫಲವಿಲ್ಲ. ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೆ, ಕೆಂಪನ್ನು ಎಂಜಿನ್ನಿನ ಬರಿಲೋಹಕ್ಕೆ ಇಟ್ಟು ಸೆಲ್ಫ್ ಹೊಡೆದರೆ 0.2 ಅಥವಾ 0.3 ವೋಲ್ಟಿಗಿಂತ ಹೆಚ್ಚು ತೋರಿಸಬಾರದು. ಒಂದು ವೋಲ್ಟ್ ತೋರಿಸಿದರೆ ಆ ಬೋಲ್ಟು ಬಿಚ್ಚಿ ಸ್ಯಾಂಡ್‌ಪೇಪರ್ ಹಾಕಲೇಬೇಕು. ಓಮ್ ಅಳೆದರೆ ಇದು ಸಿಗುವುದಿಲ್ಲ: ಹತ್ತರಲ್ಲಿ ಒಂದು ಎಳೆ ಉಳಿದಿದ್ದರೂ ಮೀಟರಿನ ಸಣ್ಣ ಕರೆಂಟಿಗೆ ದಾರಿ ಸಾಕಾಗುತ್ತದೆ, ಸೆಲ್ಫ್ ಮೋಟಾರಿಗೆ ಸಾಕಾಗುವುದಿಲ್ಲ.

ವೈರಿಂಗ್ ಕಿಟ್ ಸೋಲುವ ಜಾಗಗಳು ಎಲ್ಲ ಬೈಕಿನಲ್ಲೂ ಹೆಚ್ಚುಕಡಿಮೆ ಒಂದೇ. ಹ್ಯಾಂಡಲ್ ತಿರುಗುವ ಕತ್ತಿನ ಬಳಿ ವೈರು ಮಡಚಿ ಮಡಚಿ ಬಿರಿದಿರುತ್ತದೆ. ಹೆಡ್‌ಲೈಟ್ ಬಟ್ಟಲಿನೊಳಗೆ ಹತ್ತಾರು ಕಪ್ಲರ್‌ಗಳ ಸಂತೆ. ಸೀಟಿನ ಕೆಳಗೆ ಮಳೆಗೆ ಬೆಚ್ಚನೆಯ ಜಾಗ ಹುಡುಕಿ ಬಂದ ಇಲಿ. ಇವೆಲ್ಲಕ್ಕಿಂತ ಅಪಾಯದ್ದು, ಮಳೆಗೆಂದೇ ಹಾಕಿಸಿದ ಫಾಗ್ ಲ್ಯಾಂಪ್. ಮೂಲ ವೈರಿನ ತೊಗಲು ಸುಲಿದು, ಎರಡು ಸುತ್ತು ತಿರುಚಿ, ಮೇಲೆ ಕಪ್ಪು ಟೇಪ್ ಸುತ್ತಿದ ಆ ಗಂಟು ಮೊದಲ ಮಳೆಗಾಲಕ್ಕೇ ಬಾಯಿ ಬಿಡುತ್ತದೆ.

ಚಾರ್ಜಿಂಗ್

ಪೂರ್ಣ ಚಾರ್ಜ್ ಆದ ಬ್ಯಾಟರಿ ವಿಶ್ರಾಂತಿಯಲ್ಲಿ 12.6 ವೋಲ್ಟ್ ಅಥವಾ ತುಸು ಹೆಚ್ಚು ತೋರಿಸುತ್ತದೆ. ಎಂಜಿನ್ ವೇಗದಲ್ಲಿದ್ದಾಗ 13.5ರಿಂದ 14.5. ಅದಕ್ಕಿಂತ ಕಡಿಮೆಯಾದರೆ ಚಾರ್ಜ್ ಆಗುತ್ತಿಲ್ಲ, 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ. ವಿದ್ಯುತ್ ಹುಟ್ಟಿಸುವ ಸ್ಟೇಟರ್ ಎಂಜಿನ್ ಕವರಿನೊಳಗೆ ಇರುವುದರಿಂದ ಮಳೆಗೆ ಅಷ್ಟಾಗಿ ಜಗ್ಗುವುದಿಲ್ಲ. ಅದರಿಂದ ಹೊರಬಂದು ಆರ್‌ಆರ್ ಯೂನಿಟ್ಟಿಗೆ (ರೆಗ್ಯುಲೇಟರ್ ಇರುವುದು ಇದರಲ್ಲೇ) ಸೇರುವ ವೈರುಗಳ ಕಪ್ಲರ್ ಜಗ್ಗುತ್ತದೆ: ತೇವ, ತುಕ್ಕು, ತುಕ್ಕಿನಿಂದ ಬಿಸಿ, ಬಿಸಿಯಿಂದ ಕರಗಿದ ಪ್ಲಾಸ್ಟಿಕ್.

2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರಗಳ ಹೆಡ್‌ಲೈಟ್ ಹಗಲೂ ಉರಿಯಲೇಬೇಕೆಂಬ ನಿಯಮ ಬಂತು. ಅದರ ಜೊತೆ 55 ವಾಟಿನ ಎರಡು ಹ್ಯಾಲೊಜೆನ್ ಫಾಗ್ ಲ್ಯಾಂಪ್ ಸೇರಿದರೆ ಇನ್ನು ಒಂಬತ್ತು ಆಂಪಿಯರ್ ಖರ್ಚು. ಸೋಮಾಟಣೆ ಫಾಟಾದ ಟ್ರಾಫಿಕ್ಕಿನಲ್ಲಿ ಐಡ್ಲಿಂಗಿನಲ್ಲಿ ನಿಂತ ಸಣ್ಣ ಬೈಕು ಅಷ್ಟನ್ನು ಹುಟ್ಟಿಸಲಾರದು. ಬ್ಯಾಟರಿ ಕರಗುತ್ತದೆ, ಸವಾರ ‘ನೀರು ಹೋಗಿದೆ’ ಎನ್ನುತ್ತಾನೆ.

ಇಂಜೆಕ್ಷನ್ ಬಂದ ಮೇಲೆ

2020ರ ಏಪ್ರಿಲ್ 1ರಂದು ಹೊಗೆಯ ನಿಯಮ ಬಿಎಸ್-6 ಜಾರಿಯಾಗಿ ಕಾರ್ಬ್ಯುರೇಟರ್ ಬಹುಪಾಲು ಮರೆಯಾಯಿತು, ಅದರ ಜಾಗಕ್ಕೆ ಇಂಧನದ ಇಂಜೆಕ್ಷನ್ ಬಂತು. ಕೀ ತಿರುಗಿಸಿದ ಕೂಡಲೇ ಟ್ಯಾಂಕಿನಿಂದ ಎರಡು ಮೂರು ಸೆಕೆಂಡು ‘ಝುಂಯ್’ ಎಂದು ಪಂಪಿನ ಸದ್ದು ಬರಬೇಕು. ಬರದಿದ್ದರೆ ಪ್ಲಗ್ ಬಿಚ್ಚುವ ಶ್ರಮ ವ್ಯರ್ಥ; ಪಂಪಿನ ಫ್ಯೂಸ್, ರಿಲೇ, ಕಪ್ಲರ್ ನೋಡಬೇಕು. ಬ್ಯಾಟರಿ ತೀರಾ ಸತ್ತ ಇಂಜೆಕ್ಷನ್ ಬೈಕನ್ನು ತಳ್ಳಿ ಸ್ಟಾರ್ಟ್ ಮಾಡುವುದು ಹಳೆಯ ಬೈಕಿನಷ್ಟು ಸುಲಭವಲ್ಲ, ಪಂಪಿಗೂ ಇಸಿಯುವಿಗೂ ಮೊದಲು ವಿದ್ಯುತ್ ಬೇಕು. ಇದರ ಬದಲಿಗೆ ಸಿಕ್ಕ ಅನುಕೂಲವೆಂದರೆ ಮೀಟರಿನಲ್ಲಿ ಉರಿಯುವ ಎಂಜಿನ್ ಗುರುತಿನ ದೀಪ: ಯಾವ ಸೆನ್ಸರಿನ ದೂರು ಎಂದು ಕೋಡಿನಲ್ಲಿ ಹೇಳುತ್ತದೆ. ಮಳೆಯಲ್ಲಿ ಆ ಕೋಡು ಹೆಸರಿಸಿದ ಸೆನ್ಸರನ್ನು ಕೂಡಲೇ ಬದಲಿಸುವುದು ದುಡ್ಡಿನ ದಂಡ. ಮೊದಲು ಅದರ ಕಪ್ಲರ್ ಬಿಚ್ಚಿ ಒಣಗಿಸಬೇಕು. ಎಬಿಎಸ್ ದೀಪವೂ ಹಾಗೆಯೇ; ಚಕ್ರದ ಬಳಿಯ ಸೆನ್ಸರಿಗೆ ಕೆಸರು ಮೆತ್ತಿದರೆ ಉರಿಯುತ್ತದೆ. ಆಗ ಸಾಮಾನ್ಯ ಬ್ರೇಕ್ ಕೆಲಸ ಮಾಡುತ್ತದೆ, ಚಕ್ರ ಜಾರದಂತೆ ತಡೆಯುವ ಕಾವಲು ಮಾತ್ರ ಇರುವುದಿಲ್ಲ ಎಂದು ತಿಳಿದು ಓಡಿಸಬೇಕು.

ಪಾಯಿಂಟಿನ ಕಾಲ

ಗಾಟ್ಲೋಬ್ ಹೊನೋಲ್ಡ್ 1902ರಲ್ಲಿ ಜರ್ಮನಿಯ ಬಾಷ್ ಕಂಪನಿಯಲ್ಲಿ ಹೈವೋಲ್ಟೇಜ್ ಮ್ಯಾಗ್ನೆಟೋ ಮತ್ತು ಸ್ಪಾರ್ಕ್ ಪ್ಲಗ್ಗಿನ ಜೋಡಿಯನ್ನು ರೂಪಿಸಿದ. ಅದೇ ಬಾಷ್‌ನ ನಂಟಿನಲ್ಲಿ 1951ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮೈಕೋ ಪ್ಲಗ್ ಮಾಡತೊಡಗಿತು. ಕರ್ನಾಟಕದ ಒಂದು ತಲೆಮಾರಿಗೆ ಪ್ಲಗ್ ಎಂದರೆ ಮೈಕೋ ಪ್ಲಗ್ಗೇ. ಅವು ಹೆಚ್ಚಾಗಿ ಸೇರುತ್ತಿದ್ದ ಬೈಕುಗಳಲ್ಲಿ ಒಂದು ಮೈಸೂರಿನದು. ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜಯಚಾಮರಾಜ ಒಡೆಯರ್ ಅವರ ಕೈಯಿಂದ ಉದ್ಘಾಟನೆಯಾಗಿ, ಮೊದಲು ಜಾವಾ, ಆಮೇಲೆ ಯೆಜ್ದಿ ಹೆಸರಿನ ಬೈಕು ಮಾಡಿ 1996ರಲ್ಲಿ ಬಾಗಿಲು ಮುಚ್ಚಿತು.

ಯೆಜ್ದಿಯವರಿಗೆ ಮಳೆಗಾಲವೆಂದರೆ ಪಾಯಿಂಟು. ಡೈನಮೋ ಮುಚ್ಚಳದೊಳಗೆ ಪ್ರತಿ ಸುತ್ತಿಗೂ ತೆರೆದು ಮುಚ್ಚುವ ಎರಡು ಪುಟ್ಟ ಲೋಹದ ತುಟಿಗಳು, ನಡುವೆ 0.4 ಮಿ.ಮೀ. ಸಂದಿ. ಅದರ ಮೇಲೆ ಒಂದು ಹನಿ ಕುಳಿತರೂ ಕಿಡಿ ಮಂಕು. 6 ವೋಲ್ಟಿನ ಹಳೆಯ ವ್ಯವಸ್ಥೆಗೆ ಕಳೆದುಕೊಳ್ಳಲು ಹೆಚ್ಚು ಇರಲೂ ಇಲ್ಲ. ಮುಚ್ಚಳ ತೆಗೆದು, ಜೇಬಿನಿಂದ ಒಂದು ವಿಸಿಟಿಂಗ್ ಕಾರ್ಡ್ ತೆಗೆದು, ತುಟಿಗಳ ನಡುವೆ ಇಟ್ಟು ಮೆಲ್ಲಗೆ ಎಳೆದರೆ ಕಾರ್ಡಿನ ಮೇಲೆ ಕಪ್ಪು ಗೆರೆ, ಬೈಕಿಗೆ ಜೀವ. ಕ್ಯಾಪಿನ ಮೇಲೆ ಸೈಕಲ್ ಟ್ಯೂಬಿನ ತುಂಡೊಂದನ್ನು ಕಾಲುಚೀಲದಂತೆ ಏರಿಸುವುದು ಆ ಕಾಲದ ಮಲೆನಾಡ ಉಪಾಯ, ಇವತ್ತಿಗೂ ಹಳತಾಗಿಲ್ಲ. ಸಿಡಿಐ ಬಂದು ಪಾಯಿಂಟು ಹೋಯಿತು, ಕ್ಯಾಪು ಮಾತ್ರ ಉಳಿಯಿತು.

ವಿದ್ಯುತ್ತಿನದಲ್ಲದ್ದು

ಪೆಟ್ರೋಲಿಗೆ ನೀರು ಬೆರೆತರೂ ಲಕ್ಷಣ ಹೆಚ್ಚುಕಡಿಮೆ ಇದೇ. ಟ್ಯಾಂಕಿನ ಮುಚ್ಚಳದ ಸುತ್ತಿನ ನೀರು ಇಳಿಯುವ ತೂತು ಕಟ್ಟಿದ್ದರೆ ಮಳೆನೀರು ಒಳಗಿಳಿಯುತ್ತದೆ. ಸ್ವಿಚ್ ಆರಿಸಿದಂತೆ ತಟಕ್ಕನೆ ನಿಂತರೆ ವಿದ್ಯುತ್, ನಾಲ್ಕು ಸಲ ಏದುಸಿರು ಬಿಟ್ಟು ನಿಂತರೆ ಇಂಧನ ಎಂಬುದು ಒರಟು ಲೆಕ್ಕ. ಒರಟಾದರೂ ಹತ್ತಕ್ಕೆ ಏಳೆಂಟು ಸಲ ನಿಜ.

ಮುನ್ನೆಚ್ಚರಿಕೆ

ಮಾವಳದಲ್ಲಿ ಮಳೆ ಜೂನ್ ಎರಡನೇ ವಾರದ ಸುಮಾರಿಗೆ ಹಿಡಿಯುತ್ತದೆ, ಕೆಲಸವೆಲ್ಲ ಅದಕ್ಕೆ ಮೊದಲು ಮುಗಿಯಬೇಕು. ಬಿರಿದ ಕ್ಯಾಪ್ ಬದಲಿಸುವುದು, ಅದರ ಬಾಯಿಯ ಒಳಗೆ ಸಿಲಿಕೋನ್ ಗ್ರೀಸ್ ಸವರುವುದು, ಅರ್ಥ್ ಬೋಲ್ಟ್ ಉಜ್ಜಿ ಬಿಗಿಯುವುದು, ಬ್ಯಾಟರಿ ಟರ್ಮಿನಲ್ಲಿಗೆ ವ್ಯಾಸಲೀನ್. ಟರ್ಮಿನಲ್ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಡಬ್ಲ್ಯುಡಿ-40ಯನ್ನು ಎಲ್ಲ ರೋಗಕ್ಕೂ ಮದ್ದೆಂದು ಹೊಡೆಯುವವರಿದ್ದಾರೆ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ನಲವತ್ತನೆಯ ಪ್ರಯತ್ನಕ್ಕೆ ಕೈಗೂಡಿದ ಈ ದ್ರವದ ಹೆಸರೇ ನೀರನ್ನು ಪಕ್ಕಕ್ಕೆ ಸರಿಸುವುದು ಎಂದು ಹೇಳುತ್ತದೆ. ನೆನೆದ ಕ್ಯಾಪನ್ನು ಆ ಹೊತ್ತಿಗೆ ಬದುಕಿಸಲು ಒಳ್ಳೆಯದು; ನಾಲ್ಕು ತಿಂಗಳ ಮಳೆ ತಡೆಯುವ ಲೇಪ ಅದಲ್ಲ.

ಕಪ್ಲರ್‌ಗಳಿಗೆ ಎಂ-ಸೀಲ್ ಮೆತ್ತಿ, ಪ್ಲಾಸ್ಟಿಕ್ ಸುತ್ತಿ, ಟೇಪ್ ಬಿಗಿಯುವ ಪದ್ಧತಿಯನ್ನು ಹೊಗಳಲಾಗುವುದಿಲ್ಲ. ವೈರಿನೊಳಗಿಂದ ಏರಿ ಬಂದ ನೀರಿಗೆ ಹೊರಹೋಗುವ ಬಾಗಿಲೂ ಮುಚ್ಚಿ, ಒಳಗೇ ಕೊಳೆಯುತ್ತದೆ. ಮನೆಗೆ ಕಂಬದಿಂದ ಬರುವ ಸರ್ವಿಸ್ ವೈರು ಗೋಡೆಗೆ ತಾಗುವ ಮೊದಲು ಒಮ್ಮೆ ಕೆಳಗೆ ಜೋತು ಮೇಲೇರುವುದನ್ನು ನೋಡಿದ್ದೇವಲ್ಲ, ಹನಿ ಆ ತಗ್ಗಿನಲ್ಲಿ ತೊಟ್ಟಿಕ್ಕಿ ಬೀಳಲೆಂದು. ಕಪ್ಲರಿಗೆ ಸೇರುವ ವೈರನ್ನೂ ಹಾಗೇ ಬಾಗಿಸಿ ಕಟ್ಟಬೇಕು. ಇನ್ನು ವಾಟರ್ ಸರ್ವಿಸ್: ಕೆಸರು ತೊಳೆಯಲು ಪ್ರೆಷರ್ ಪೈಪನ್ನು ಹ್ಯಾಂಡಲ್ ಸ್ವಿಚ್ಚಿಗೂ ಮೀಟರಿಗೂ ನೇರ ಹಿಡಿಯುವುದು ಕಣ್ಣೆದುರೇ ನಡೆಯುತ್ತದೆ. ಘಟ್ಟದ ಮಳೆ ನಾಲ್ಕು ತಿಂಗಳಲ್ಲಿ ತೂರಿಸಲಾಗದ ಜಾಗಕ್ಕೆ ಆ ಪೈಪು ನಾಲ್ಕು ನಿಮಿಷದಲ್ಲಿ ನೀರು ತೂರಿಸುತ್ತದೆ.

ಬ್ಯಾಟರಿ ಸ್ಕೂಟರುಗಳಲ್ಲಿ ಪ್ಲಗ್ಗೂ ಇಲ್ಲ, ಹೈವೋಲ್ಟೇಜ್ ಕಿಡಿಯೂ ಇಲ್ಲ. ಅವುಗಳ ಪ್ಯಾಕಿನ ಮೇಲೆ ಬರೆದ ಐಪಿ67 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ನೀರು ಹೋಗದು ಎಂದು. ಹೊಸ ಪ್ಯಾಕಿನ ಮೇಲೆ ಮಾಡಿದ ಪರೀಕ್ಷೆ ಅದು. ಹೊಂಡದಲ್ಲಿ ತಳ ಬಡಿದು ಸೀಲು ಬಿಟ್ಟ ಪ್ಯಾಕಿಗೆ ಆ ಮಾತು ಅನ್ವಯಿಸುವುದಿಲ್ಲ, ಅಂಥದನ್ನು ನೆರೆನೀರಿನಿಂದ ಎತ್ತಿದ ಮೇಲೆ ಚಾರ್ಜಿಗೆ ಹಾಕುವಂತಿಲ್ಲ.

ಮಳೆ ಅಕ್ಟೋಬರ್ ಹೊತ್ತಿಗೆ ಹೊರಟುಹೋಗುತ್ತದೆ, ಅದು ತಂದ ನೀರು ಮಾತ್ರ ಎಲ್ಲ ಕಡೆಯಿಂದಲೂ ಹೋಗಿರುವುದಿಲ್ಲ. ದಸರೆಯ ಆಯುಧಪೂಜೆಗೆ ಬೈಕು ತೊಳೆದು ಕುಂಕುಮ ಹಚ್ಚಿ ಕೈಮುಗಿಯುತ್ತೇವೆ. ಅದೇ ದಿನ ಹೆಡ್‌ಲೈಟಿನ ಎರಡು ಸ್ಕ್ರೂ ಬಿಚ್ಚಿ ಬಟ್ಟಲನ್ನು ಮುಂದಕ್ಕೆ ವಾಲಿಸಿದರೆ ತಳದಿಂದ ಒಂದೆರಡು ಚಮಚ ಕಂದು ನೀರು ಕೈಮೇಲೆ ಸುರಿಯುವುದುಂಟು, ಅದರಲ್ಲಿ ಮೂರು ತಿಂಗಳಿಂದ ಮುಳುಗಿದ್ದ ಒಂದು ಹಸಿರು ಕಪ್ಲರ್.